ಉರಿದು ಮುಗಿದ ಮೇಣದಬತ್ತಿಯ ಗಾಜಿನ ಜಾಡಿಯನ್ನು ಶುಚಿಗೊಳಿಸಿ ಮರುಬಳಸುವ ಕ್ರಮ

ಸುವಾಸನೆಯ ಮೇಣದಬತ್ತಿ ಉರಿದು ಮುಗಿದ ಮೇಲೆ ಉಳಿಯುವ ಗಾಜಿನ ಜಾಡಿಯನ್ನು ಎಸೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗೆಂದು ಇಟ್ಟುಕೊಂಡರೆ, ತಳದಲ್ಲಿ ಬೆರಳಿನಷ್ಟು ದಪ್ಪ ಮೇಣ, ಬಾಯಂಚಿನ ಸುತ್ತ ಮಸಿ, ಹೊರಮೈಯಲ್ಲಿ ಅರ್ಧ ಹರಿದ ಚೀಟಿ ಮತ್ತು ಅದರ ಅಂಟು ಹಾಗೆಯೇ ಉಳಿದಿರುತ್ತವೆ. ಇವನ್ನು ತೆಗೆಯುವುದು ಹೇಗೆಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಲೇಖನ ಬರೆಯುತ್ತಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಬಿಸಿನೀರು, ಸೋಪು ಮತ್ತು ತಿಕ್ಕುವ ನಾರಿನಿಂದ ಒಮ್ಮೆ ಪ್ರಯತ್ನಿಸಿದವರೇ. ಮೇಣವೇನೋ ಹೋಯಿತು, ಆದರೆ ಗಾಜಿನ ಮೇಲೆ ಬಿಳಿಯ ಮಂಜಿನಂಥ ಪೊರೆ ಉಳಿಯಿತು, ನಾರು ಹಾಳಾಯಿತು, ಸಿಂಕಿನ ನೀರು ನಿಧಾನವಾಗಿ ಇಳಿಯತೊಡಗಿತು ಎಂಬುದು ಅವರೆಲ್ಲರ ದೂರು.

ಈ ದೂರುಗಳಿಗೆಲ್ಲ ಕಾರಣ ಒಂದೇ: ಕೆಲಸದ ಕ್ರಮ ತಪ್ಪಿದ್ದು. ಜಾಡಿಯಲ್ಲಿರುವುದು ಒಂದೇ ಬಗೆಯ ಕೊಳೆಯಲ್ಲ. ಮೇಣ, ಮಸಿ, ಅಂಟು, ವಾಸನೆ ಇವು ನಾಲ್ಕೂ ಬೇರೆ ಬೇರೆ, ಒಂದಕ್ಕೆ ಒಗ್ಗುವ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ. ಮಸಿಯನ್ನು ಒಣಗಿರುವಾಗಲೇ ಒರೆಸಬೇಕು, ಮೇಣವನ್ನು ಸೋಪು ಮುಟ್ಟುವ ಮೊದಲೇ ಪೂರ್ತಿ ತೆಗೆಯಬೇಕು, ತೊಳೆಯುವ ಕೆಲಸ ಕೊನೆಗೆ ಬರಬೇಕು. ಈ ಕ್ರಮವನ್ನು ಪಾಲಿಸಿದರೆ ಬಲವಾಗಿ ತಿಕ್ಕುವ ಪ್ರಸಂಗವೇ ಬರುವುದಿಲ್ಲ.

ಏನೇನು ಬೇಕು

ಹಳೆಯ ಅಗಲವಾದ ಪಾತ್ರೆ, ಮಡಚಿದ ದಪ್ಪ ಬಟ್ಟೆ, ಟಿಶ್ಯೂ ಅಥವಾ ಹಳೆಯ ಹತ್ತಿ ಬಟ್ಟೆಯ ತುಂಡುಗಳು, ಒಂದು ಇಕ್ಕಳ, ಮರದ ಕಡ್ಡಿ ಅಥವಾ ಚಮಚ, ಸ್ವಲ್ಪ ಅಡುಗೆ ಎಣ್ಣೆ, ಅಡುಗೆ ಸೋಡಾ, ಪಾತ್ರೆ ತೊಳೆಯುವ ದ್ರವ, ಕರಗಿದ ಮೇಣವನ್ನು ಸುರಿದಿಡಲು ಒಂದು ಹಳೆಯ ಡಬ್ಬಿ. ಚೀಟಿಯ ಅಂಟು ಹಟಮಾರಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕಾಗಬಹುದು. ಗಾಯ ಒರೆಸಲು ಮತ್ತು ವಿದ್ಯುನ್ಮಾನ ಉಪಕರಣಗಳನ್ನು ಒರೆಸಲು ಬಳಸುವ, ಬೇಗ ಆವಿಯಾಗುವ ದ್ರವವಿದು. ಮೇಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸದಿರುವುದು ಒಳ್ಳೆಯದಾದ್ದರಿಂದ ಹಳೆಯ ಪಾತ್ರೆಯೊಂದನ್ನು ಇದಕ್ಕೆಂದೇ ಎತ್ತಿಡಿ.

ಹರಿತವಾದ ಚಾಕು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ಗಟ್ಟಿ ಮೇಣವನ್ನು ಚಾಕುವಿನ ತುದಿಯಿಂದ ಕೆದಕುವಾಗ ಮೇಣ ಥಟ್ಟನೆ ಬಿಟ್ಟುಕೊಂಡು ಕೈ ಜಾರುತ್ತದೆ, ಜಾಡಿಯನ್ನು ಹಿಡಿದ ಅಂಗೈಗೇ ಗಾಯವಾಗುತ್ತದೆ. ಗಾಯವಾಗದಿದ್ದರೂ ಗಾಜಿನ ಒಳಮೈಯಲ್ಲಿ ಗೀರು ಬೀಳುತ್ತದೆ. ಗಾಜು ಬಿರುಕು ಬಿಡುವುದು ಸಾಮಾನ್ಯವಾಗಿ ಇಂಥ ಕಣ್ಣಿಗೆ ಕಾಣದ ಗೀರಿನಿಂದಲೇ ಆರಂಭವಾಗುತ್ತದೆ.

1. ಮೊದಲು ಜಾಡಿಯನ್ನು ಪರೀಕ್ಷಿಸಿ

ಶ್ರಮ ಹಾಕುವ ಮೊದಲು ಜಾಡಿ ಅದಕ್ಕೆ ಯೋಗ್ಯವೇ ಎಂದು ನೋಡಿ. ಬೆಳಕಿಗೆ ಎದುರಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಬಿರುಕು ಇದ್ದರೆ ಕೂದಲೆಳೆಯಂಥ ಗೆರೆಯೊಂದು ಬೆಳಕನ್ನು ಹಿಡಿದು ಮಿನುಗುತ್ತದೆ. ಬಾಯಂಚಿನ ಸುತ್ತ ಬೆರಳಿನ ಉಗುರನ್ನು ಮೆಲ್ಲಗೆ ಎಳೆದುಕೊಂಡು ಹೋಗಿ, ಚಕ್ಕೆ ಎದ್ದ ಕಡೆ ಉಗುರು ಸಿಕ್ಕಿಕೊಳ್ಳುತ್ತದೆ. ಬಿರುಕಾಗಲಿ ಚಕ್ಕೆಯಾಗಲಿ ಕಂಡರೆ ಅಂಥ ಜಾಡಿಯನ್ನು ಬಿಸಿ ಮಾಡಬೇಡಿ.

ಮೇಣದಬತ್ತಿಯನ್ನು ತಳದವರೆಗೂ ಉರಿಸಿದ್ದರೆ ತಳದ ಭಾಗವನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು. ಮೇಣ ಇರುವವರೆಗೆ ಜ್ವಾಲೆಗೂ ಗಾಜಿನ ತಳಕ್ಕೂ ನಡುವೆ ಒಂದು ತಡೆ ಇರುತ್ತದೆ. ಅದು ಮುಗಿದರೆ ಬತ್ತಿಯ ಬಿಸಿ ನೇರವಾಗಿ ಗಾಜಿನ ಒಂದೇ ಬಿಂದುವಿಗೆ ತಾಗುತ್ತದೆ. ಜಾಡಿಯಲ್ಲಿ ಅರ್ಧ ಇಂಚು, ಅಂದರೆ ಸುಮಾರು 12 ಮಿಲಿಮೀಟರ್ ಮೇಣ ಉಳಿದಾಗಲೇ ಬತ್ತಿಯನ್ನು ಆರಿಸಬೇಕೆಂದು ಅಮೆರಿಕದ ನ್ಯಾಷನಲ್ ಕ್ಯಾಂಡಲ್ ಅಸೋಸಿಯೇಷನ್ ಹೇಳುವುದು ಇದೇ ಕಾರಣಕ್ಕೆ. ಜಾಡಿಯನ್ನು ಮುಂದೆ ಮತ್ತೆ ಬಳಸುವ ಆಸೆ ನಿಮಗಿದ್ದರೆ ಈ ನಿಯಮವನ್ನು ಮೇಣದಬತ್ತಿ ಹೊಚ್ಚ ಹೊಸದಾಗಿರುವಾಗಲೇ ನೆನಪಿಟ್ಟುಕೊಳ್ಳಿ.

ಗಾಜಲ್ಲದ ಪಾತ್ರೆಗಳ ಬಗ್ಗೆಯೂ ಕೇಳುತ್ತಾರೆ. ತಗಡಿನ ಡಬ್ಬಿಗೆ ಇಲ್ಲಿ ಹೇಳಿರುವ ಕ್ರಮವೇ ಸಾಕು, ಆದರೆ ತೊಳೆದ ಕೂಡಲೇ ಒರೆಸಿ ಒಣಗಿಸದಿದ್ದರೆ ಅದು ತುಕ್ಕು ಹಿಡಿಯುತ್ತದೆ. ಹೊಳಪಿನ ಲೇಪವಿರುವ ಪಿಂಗಾಣಿಗೂ ಚಿಂತೆಯಿಲ್ಲ. ಲೇಪವಿಲ್ಲದ ಮಣ್ಣಿನ ಪಾತ್ರೆ ಮತ್ತು ಸಿಮೆಂಟಿನ ಪಾತ್ರೆಗಳಲ್ಲಿ ಮೇಣ ಒಳಗೆ ಇಂಗಿರುವುದರಿಂದ ಅವು ಪೂರ್ತಿ ಶುಚಿಯಾಗುವುದಿಲ್ಲ. ಅವನ್ನು ಮತ್ತೆ ಮೇಣದಬತ್ತಿಗೋ ಒಣ ವಸ್ತುಗಳಿಗೋ ಮೀಸಲಿಡಿ.

2. ಮಸಿಯನ್ನು ಒಣಗಿರುವಾಗಲೇ ಒರೆಸಿ

ಮಸಿ ಎಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲದ ನುಣುಪಾದ ಪುಡಿ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲೂ ಕರಗುವುದಿಲ್ಲ. ಒದ್ದೆ ಬಟ್ಟೆ ತಗುಲಿಸಿದರೆ ಕಾಡಿಗೆಯಂತೆ ಎಲ್ಲೆಡೆ ಹರಡಿಕೊಳ್ಳುತ್ತದೆ, ಮೇಣ ಕರಗಿಸಿದ ಮೇಲಾದರೆ ಮೇಣದೊಂದಿಗೆ ಬೆರೆತು ಬೂದು ಬಣ್ಣದ ಜಿಡ್ಡಾಗುತ್ತದೆ. ಆದ್ದರಿಂದ ಮೊದಲ ಕೆಲಸವಾಗಿ ಒಣ ಟಿಶ್ಯೂವನ್ನು ಬೆರಳಿಗೆ ಸುತ್ತಿಕೊಂಡು, ಬಾಯಂಚಿನಿಂದ ಕೆಳಮುಖವಾಗಿ, ಒಂದೊಂದು ಸಲವೂ ಟಿಶ್ಯೂವಿನ ಹೊಸ ಭಾಗ ತಾಗುವಂತೆ ಒರೆಸಿ. ಮುಕ್ಕಾಲು ಪಾಲು ಮಸಿ ಇಷ್ಟರಲ್ಲೇ ಹೋಗುತ್ತದೆ. ಉಳಿದ ಕಂದು ಕಲೆಯನ್ನು ಈಗ ತಿಕ್ಕಬೇಡಿ, ಅದಕ್ಕೆ ಮುಂದೆ ಉಪಾಯವಿದೆ.

3. ಮೇಣವನ್ನು ತೆಗೆಯಿರಿ

ಇದೇ ಮುಖ್ಯ ಘಟ್ಟ. ಯಾವ ವಿಧಾನ ಆರಿಸಿಕೊಳ್ಳಬೇಕೆಂಬುದು ಜಾಡಿಯ ಆಕಾರ ಮತ್ತು ಮೇಣದ ಬಗೆಯನ್ನು ಅವಲಂಬಿಸಿದೆ. ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಮೇಣ ಅದರ ದರ್ಜೆಗೆ ತಕ್ಕಂತೆ ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ, ಜಾಡಿಗಳಿಗೆ ಬಳಸುವ ಸೋಯಾ ಮೇಣ ಸಾಮಾನ್ಯವಾಗಿ 50 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಹೀಗಾಗಿ ಮೇಣ ಕರಗಿಸಲು ಕುದಿಯುವ ನೀರಿನ ಬಿಸಿ ಬೇಕಾಗಿಯೇ ಇಲ್ಲ. 75 ಡಿಗ್ರಿಯ ಬಿಸಿ ಎಲ್ಲಕ್ಕೂ ಸಾಕು.

ಇನ್ನು ಗಾಜಿನ ಸ್ವಭಾವ. ಸಾಮಾನ್ಯ ಗಾಜನ್ನು ಹೆಚ್ಚು ಬಿಸಿ ಒಡೆಯುವುದಿಲ್ಲ, ಬಿಸಿಯ ಹಠಾತ್ ಏರುಪೇರು ಒಡೆಯುತ್ತದೆ. ಒಂದು ಕಡೆ ಬಿಸಿಗೆ ಹಿಗ್ಗಿ, ಇನ್ನೊಂದು ಕಡೆ ತಣ್ಣಗೇ ಉಳಿದಾಗ ನಡುವೆ ಎಳೆತ ಉಂಟಾಗಿ ಗಾಜು ಸೀಳುತ್ತದೆ. ಇದನ್ನು ಉಷ್ಣಾಘಾತ ಎನ್ನುತ್ತಾರೆ. ತಳ ದಪ್ಪವಿದ್ದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ದಪ್ಪ ಗಾಜಿನ ಒಳಗೆ ಬಿಸಿ ನಿಧಾನವಾಗಿ ಹರಡುತ್ತದೆ. ಮುಂದಿನ ಯಾವ ವಿಧಾನ ಅನುಸರಿಸಿದರೂ ಜಾಡಿಯ ಬಿಸಿಯನ್ನು ಮೆಲ್ಲಗೆ ಏರಿಸಿ, ಮೆಲ್ಲಗೆ ಇಳಿಸಿ.

ತಣ್ಣಗಾಗಿಸುವ ವಿಧಾನ. ಬಾಯಿ ಅಗಲವಾಗಿ, ಗೋಡೆ ನೇರವಾಗಿ ಇರುವ ಜಾಡಿಯಲ್ಲಿ ಪ್ಯಾರಾಫಿನ್ ಮೇಣ ಉಳಿದಿದ್ದರೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಕೋಣೆಯ ತಾಪಮಾನದಲ್ಲಿರುವ ಜಾಡಿಯನ್ನು ಒಳಗೆ ನೀರಿನ ಹನಿಯಿಲ್ಲದಂತೆ ಒರೆಸಿ ಎರಡು ಮೂರು ಗಂಟೆ ಫ್ರೀಜರಿನಲ್ಲಿಡಿ; ಮೇಣ ಹೆಚ್ಚಿದ್ದರೆ ರಾತ್ರಿಯಿಡೀ ಇರಲಿ. ತಣ್ಣಗಾದಾಗ ಮೇಣ ಗಾಜಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ, ಕುಗ್ಗಿದಾಗ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹೊರತೆಗೆದು ಬೆಳಕಿಗೆ ಹಿಡಿದರೆ ಮೇಣಕ್ಕೂ ಗಾಜಿಗೂ ನಡುವೆ ಬೆಳ್ಳಿಯ ಬಣ್ಣದ ತೆಳು ಗಾಳಿಯ ಪದರ ಕಾಣುತ್ತದೆ. ಅದು ಸುತ್ತಲೂ ಕಂಡರೆ ಕೆಲಸವಾಯಿತು ಎಂದರ್ಥ. ಮಡಚಿದ ಬಟ್ಟೆಯ ಮೇಲೆ ಜಾಡಿಯನ್ನು ಮಗುಚಿ ಹಿಡಿದು ಅಂಗೈಯಿಂದ ತಳಕ್ಕೆ ಮೆಲ್ಲಗೆ ತಟ್ಟಿ. ಮೇಣ ಬಿಲ್ಲೆಯಾಗಿ ಬೀಳುತ್ತದೆ. ಬೀಳದಿದ್ದರೆ ಮೇಣದ ಒಂದು ಅಂಚನ್ನು ಮರದ ಕಡ್ಡಿಯಿಂದ ಒತ್ತಿ, ಎದುರಿನ ಅಂಚು ಮೇಲೇಳುತ್ತದೆ.

ಇಲ್ಲಿ ಎರಡು ತಪ್ಪುಗಳಾಗುತ್ತವೆ. ಆಗಷ್ಟೇ ಆರಿಸಿದ, ಇನ್ನೂ ಬೆಚ್ಚಗಿರುವ ಜಾಡಿಯನ್ನು ಫ್ರೀಜರಿಗೆ ಇಡುವುದು ಒಂದು. ಫ್ರೀಜರಿನಿಂದ ತೆಗೆದ ಜಾಡಿಯಲ್ಲಿ ಮೇಣ ಸ್ವಲ್ಪ ಉಳಿಯಿತೆಂದು ತಾಳ್ಮೆಗೆಟ್ಟು ಒಡನೆಯೇ ಬಿಸಿನೀರು ಸುರಿಯುವುದು ಇನ್ನೊಂದು. ಎರಡರಲ್ಲೂ ಗಾಜು ಒಡೆಯುವ ಸಾಧ್ಯತೆ ಬಹಳ. ಫ್ರೀಜರಿನಿಂದ ಬಂದ ಜಾಡಿ ಕನಿಷ್ಠ ಒಂದು ಗಂಟೆ ಹೊರಗಿದ್ದು ಕೋಣೆಯ ತಾಪಮಾನಕ್ಕೆ ಮರಳಿದ ಮೇಲೆಯೇ ಮುಂದಿನ ಕೆಲಸ.

ಸೋಯಾ ಮೇಣ ಮೃದುವಾಗಿ ಗಾಜಿಗೆ ಹೆಚ್ಚು ಅಂಟಿಕೊಳ್ಳುವುದರಿಂದ ಅದು ಫ್ರೀಜರಿನಲ್ಲಿ ಒಂದೇ ಬಿಲ್ಲೆಯಾಗಿ ಬಿಟ್ಟುಕೊಳ್ಳುವುದು ಕಡಿಮೆ. ಪಾರದರ್ಶಕವಾಗಿ ಜೆಲ್ಲಿಯಂತೆ ಕಾಣುವ ಜೆಲ್ ಮೇಣ ನಿಜವಾಗಿ ಮೇಣವೇ ಅಲ್ಲ, ಗಟ್ಟಿಗೊಳಿಸಿದ ಖನಿಜ ತೈಲ. ಅದಕ್ಕೆ ಫ್ರೀಜರ್ ಬೇಕಿಲ್ಲ. ಚಮಚದಿಂದ ಎತ್ತಿ ತೆಗೆದು, ಉಳಿದದ್ದನ್ನು ಟಿಶ್ಯೂವಿನಿಂದ ಒರೆಸಿದರಾಯಿತು. ಭುಜವಿರುವ, ಅಂದರೆ ಬಾಯಿಗಿಂತ ಹೊಟ್ಟೆ ಅಗಲವಾಗಿರುವ ಜಾಡಿಯಲ್ಲಿ ಬಿಲ್ಲೆ ಬಿಟ್ಟುಕೊಂಡರೂ ಹೊರಬರಲಾರದು. ಇಂಥವುಗಳಿಗೆಲ್ಲ ಮುಂದಿನ ವಿಧಾನ.

ಬಿಸಿನೀರಿನ ಪಾತ್ರೆಯ ವಿಧಾನ. ನಾನು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ, ಏಕೆಂದರೆ ಎಲ್ಲ ಬಗೆಯ ಮೇಣಕ್ಕೂ ಎಲ್ಲ ಆಕಾರದ ಜಾಡಿಗೂ ಇದು ಹೊಂದುತ್ತದೆ, ಮೇಲಾಗಿ ಚೀಟಿಯೂ ಇದರಲ್ಲೇ ಸಡಿಲವಾಗುತ್ತದೆ. ಪಾತ್ರೆಯ ತಳಕ್ಕೆ ಮಡಚಿದ ಬಟ್ಟೆ ಹಾಸಿ. ಗಾಜು ಬಿಸಿ ಲೋಹಕ್ಕೆ ನೇರವಾಗಿ ತಾಗಬಾರದು. ಬಟ್ಟೆಯ ಮೇಲೆ ಜಾಡಿಯನ್ನಿಟ್ಟು, ಮೇಣದ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ, ಜಾಡಿಯ ಅರ್ಧ ಎತ್ತರದವರೆಗೆ ಉಗುರುಬೆಚ್ಚಗಿನ ನೀರನ್ನು ಪಾತ್ರೆಗೆ ಹಾಕಿ. ಜಾಡಿಯೊಳಗೆ ನೀರು ಹೋಗಬಾರದು. ಹಗುರವಾದ ಜಾಡಿ ತೇಲಿ ವಾಲುತ್ತದೆ, ಹಾಗಾದರೆ ನೀರನ್ನು ಕಡಿಮೆ ಮಾಡಿ. ಈಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ನೀರಿನಿಂದ ಹಬೆ ಏಳುತ್ತಿರಬೇಕು, ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಕೂತಿರಬೇಕು, ಆದರೆ ಕುದಿ ಬರಬಾರದು. ಕುದಿದರೆ ಜಾಡಿ ಕುಣಿದು ಪಾತ್ರೆಗೆ ಬಡಿಯುತ್ತದೆ.

ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮೇಣ ಗೋಡೆಯ ಅಂಚಿನಿಂದ ಒಳಕ್ಕೆ ತಿಳಿಯಾಗುತ್ತಾ ಬರುತ್ತದೆ. ನಡುವೆ ಉಳಿದ ಬಿಳಿಯ ದ್ವೀಪ ಕರಗಿ ಇಡೀ ಮೇಣ ನೀರಿನಂತೆ ತಿಳಿಯಾದಾಗ ಒಲೆ ಆರಿಸಿ. ಬತ್ತಿಯ ಬುಡದಲ್ಲಿ ನಾಣ್ಯದಾಕಾರದ ಪುಟ್ಟ ಲೋಹದ ಬಿಲ್ಲೆಯೊಂದಿರುತ್ತದೆ. ಬತ್ತಿಯನ್ನು ನೆಟ್ಟಗೆ ನಿಲ್ಲಿಸುವ ಆಧಾರ ಅದು. ಅದನ್ನು ಇಕ್ಕಳದಿಂದ ಹಿಡಿದು ತುಸು ತಿರುಚಿ ಎತ್ತಿ. ಆ ಬಿಲ್ಲೆಯನ್ನು ತಳಕ್ಕೆ ಅಂಟಿಸಿರುತ್ತಾರೆ, ಆ ಅಂಟು ಬಿಸಿಗೆ ಮೆತ್ತಗಾಗಿರುವುದರಿಂದ ಈ ಹೊತ್ತಿನಲ್ಲಿ ಸುಲಭವಾಗಿ ಬರುತ್ತದೆ, ತಣಿದ ಮೇಲೆ ಬರುವುದಿಲ್ಲ. ನಂತರ ದಪ್ಪ ಬಟ್ಟೆಯಲ್ಲಿ ಜಾಡಿಯನ್ನು ಹಿಡಿದೆತ್ತಿ, ಹೊರಗಿನ ನೀರನ್ನು ಒರೆಸಿ, ಕರಗಿದ ಮೇಣವನ್ನು ಹಳೆಯ ಡಬ್ಬಿಗೆ ಸುರಿಯಿರಿ.

ಸುರಿದ ಮರುಕ್ಷಣವೇ ಒಣ ಟಿಶ್ಯೂವನ್ನು ಜಾಡಿಯೊಳಗೆ ಇಳಿಸಿ ಗೋಡೆ, ತಳ, ತಳದ ಮೂಲೆ ಎಲ್ಲವನ್ನೂ ಒರೆಸಿಬಿಡಿ. ಗಾಜು ಕೈಗೆ ತಾಳುವಷ್ಟು ಬಿಸಿಯಿರುವ ಈ ಒಂದೆರಡು ನಿಮಿಷ ಇಡೀ ಕೆಲಸದಲ್ಲೇ ಬೆಲೆಯುಳ್ಳದ್ದು. ಆಗ ಎರಡು ಟಿಶ್ಯೂವಿನಲ್ಲಿ ಹೋಗುವ ಮೇಣ, ಗಾಜು ತಣಿದ ಮೇಲೆ ಅರ್ಧ ಗಂಟೆ ತಿಕ್ಕಿದರೂ ಹೋಗದು. ಟಿಶ್ಯೂವನ್ನು ಮೊದಲೇ ಮಡಚಿ ಕೈಗೆಟಕುವಂತೆ ಇಟ್ಟುಕೊಂಡಿರಿ. ಜಾಡಿಯನ್ನು ತಣ್ಣನೆಯ ಕಲ್ಲಿನ ಮೇಲೆ ಇಡದೆ ಬಟ್ಟೆಯ ಮೇಲೆಯೇ ಇಡಿ.

ಓವನ್ ವಿಧಾನ. ಒಂದೇ ಸಲಕ್ಕೆ ನಾಲ್ಕೈದು ಜಾಡಿಗಳಿದ್ದರೆ ಮತ್ತು ನಿಮ್ಮ ಓವನ್‌ನಲ್ಲಿ 80ರಿಂದ 90 ಡಿಗ್ರಿಯಷ್ಟು ಕಡಿಮೆ ಬಿಸಿಯನ್ನು ನಂಬಿಕೆಯಿಂದ ಇರಿಸಲು ಸಾಧ್ಯವಿದ್ದರೆ ಇದು ಅನುಕೂಲ. ಅಂಚು ಎತ್ತರವಿರುವ ತಟ್ಟೆಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಜಾಡಿಗಳನ್ನು ಮಗುಚಿಟ್ಟು, ತಣ್ಣಗಿರುವ ಓವನ್‌ನಲ್ಲೇ ಇಟ್ಟು ಅನಂತರ ಬಿಸಿ ಶುರುಮಾಡಿ. ಓವನ್ ಬಿಸಿಯಾದ ಮೇಲೆ ಹದಿನೈದು ನಿಮಿಷದಲ್ಲಿ ಮೇಣವೆಲ್ಲ ತಟ್ಟೆಗೆ ಇಳಿಯುತ್ತದೆ. ಅಷ್ಟು ಹೊತ್ತೂ ಅಲ್ಲೇ ಇರಿ. ಒಳಗೆ ಜ್ವಾಲೆ ಇರುವ ಓವನ್‌ನಲ್ಲಿ ಇದನ್ನು ಮಾಡಲೇಬೇಡಿ.

ಜಾಡಿಯೊಳಗೇ ಬಿಸಿನೀರು ಸುರಿಯುವ ವಿಧಾನ. ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ನಾನು ಕೊನೆಗೆ ಇಟ್ಟಿದ್ದೇನೆ. ಮೇಣ ನೀರಿಗಿಂತ ಹಗುರ, ಅದರ ಸಾಂದ್ರತೆ ನೀರಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಹಾಗಾಗಿ ಕರಗಿದ ಮೇಣ ಮೇಲಕ್ಕೆ ತೇಲಿ, ನೀರು ತಣಿದ ಮೇಲೆ ಗಟ್ಟಿ ಬಿಲ್ಲೆಯಾಗುತ್ತದೆ ಎಂಬುದು ಇದರ ಹಿಂದಿನ ತತ್ವ. ತತ್ವವೇನೋ ಸರಿ, ಆದರೆ ಕುದಿಯುವ ನೀರು ತಣ್ಣನೆಯ ಗಾಜನ್ನು ಒಡೆಯಬಹುದು, ಮೇಲಾಗಿ ನೀರು ಇಳಿದಂತೆಲ್ಲ ಮೇಣದ ತೆಳು ಪೊರೆ ಗೋಡೆಗೆ ಹತ್ತಿಕೊಳ್ಳುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಮೊದಲು ಉಗುರುಬೆಚ್ಚಗಿನ ನೀರು ತುಂಬಿ ಜಾಡಿಯನ್ನು ಬೆಚ್ಚಗಾಗಿಸಿ, ಅದನ್ನು ಚೆಲ್ಲಿ, ನಂತರ ಕುದಿ ಇಳಿದ ಬಿಸಿನೀರನ್ನು ಹಾಕಿ. ಕೆಲವು ಗಂಟೆ ಅಲುಗಾಡಿಸದೆ ಬಿಡಿ. ಬಿಲ್ಲೆಯನ್ನು ಎತ್ತಿ ತೆಗೆದ ಮೇಲೆ ಉಳಿದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಚೆಲ್ಲಿ.

ಏನು ಮಾಡಿದರೂ ಮಾಡಬಾರದ ಮೂರು ಕೆಲಸಗಳಿವೆ. ಮೊದಲನೆಯದು, ಜಾಡಿಯನ್ನು ಒಲೆಯ ಮೇಲೆ ನೇರವಾಗಿ ಇಡುವುದು. ಪ್ಯಾರಾಫಿನ್ ಮೇಣ ಸುಮಾರು 200 ಡಿಗ್ರಿಯ ಹೊತ್ತಿಗೆ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ನೀರಿನ ಪಾತ್ರೆಯಲ್ಲಿಟ್ಟಾಗ ಬಿಸಿ 100 ಡಿಗ್ರಿ ದಾಟಲು ಸಾಧ್ಯವೇ ಇಲ್ಲ. ನೇರ ಉರಿಗೆ ಅಂಥ ಯಾವ ಎಲ್ಲೆಯೂ ಇಲ್ಲ. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಮುಚ್ಚಳದಿಂದ ಮುಚ್ಚಿ ಗಾಳಿ ತಡೆಯಿರಿ. ನೀರು ಎರಚಬೇಡಿ. ಉರಿಯುವ ಮೇಣದ ಅಡಿಗೆ ಇಳಿದ ನೀರು ಕ್ಷಣದಲ್ಲಿ ಹಬೆಯಾಗಿ ಸಿಡಿದು ಉರಿಯುವ ಮೇಣವನ್ನು ಎಲ್ಲೆಡೆ ಎರಚುತ್ತದೆ. ಎರಡನೆಯದು, ಮೈಕ್ರೊವೇವ್. ಬತ್ತಿಯ ಬುಡದ ಲೋಹದ ಬಿಲ್ಲೆ ಅದರಲ್ಲಿ ಕಿಡಿ ಹಾರಿಸುತ್ತದೆ. ಮೂರನೆಯದು, ಕರಗಿದ ಮೇಣವನ್ನು ಸಿಂಕಿಗೆ ಸುರಿಯುವುದು. ಅದು ಕೊಳವೆಯ ಬಾಗುವಿಗೆ ತಲುಪುವ ಹೊತ್ತಿಗೆ ತಣಿದು ಗಟ್ಟಿಯಾಗುತ್ತದೆ. ಹಿಂದಿನಿಂದ ಬಿಸಿನೀರು ಬಿಟ್ಟರೆ ಅದು ಇನ್ನಷ್ಟು ಮುಂದೆ ಹೋಗಿ, ಕೈ ತಲುಪದ ಕಡೆ ಕೂರುತ್ತದೆ.

4. ಉಳಿದ ಪೊರೆಗೆ ಎಣ್ಣೆ

ಎಷ್ಟು ಒರೆಸಿದರೂ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಮೇಣ ಉಳಿದೇ ಇರುತ್ತದೆ. ಸೋಪು ಮೊದಲೇ ಬೇಡವೆಂದು ಹೇಳಿದ್ದು ಇದಕ್ಕಾಗಿ. ಸೋಪು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಒಯ್ಯಬಲ್ಲದು, ಆದರೆ ಜಿಡ್ಡು ದ್ರವವಾಗಿದ್ದಾಗ ಮಾತ್ರ. ತೊಳೆಯುವ ನೀರು ತಣಿದ ಕೂಡಲೇ ಮೇಣ ಗಟ್ಟಿಯಾಗಿ ಸೋಪಿನ ಹಿಡಿತದಿಂದ ಜಾರಿ, ನಾರಿಗೂ ಗಾಜಿಗೂ ಮತ್ತೆ ಅಂಟುತ್ತದೆ. ಎಣ್ಣೆ ಹಾಗಲ್ಲ. ಮೇಣವೂ ಎಣ್ಣೆಯೂ ಒಂದೇ ಕುಲದವಾದ್ದರಿಂದ ಮೇಣ ಎಣ್ಣೆಯಲ್ಲಿ ಮೆತ್ತಗಾಗಿ ಬೆರೆಯುತ್ತದೆ, ಹಾಗೆ ಬೆರೆತ ಮೇಣವನ್ನು ಸೋಪು ಸುಲಭವಾಗಿ ಒಯ್ಯುತ್ತದೆ. ಜಿಡ್ಡಿಗೆ ಜಿಡ್ಡೇ ಮದ್ದು.

ಬಟ್ಟೆಯ ತುಂಡಿಗೆ ನಾಲ್ಕಾರು ಹನಿ ಅಡುಗೆ ಎಣ್ಣೆ ಹಾಕಿ, ಜಾಡಿ ಇನ್ನೂ ಬೆಚ್ಚಗಿರುವಾಗಲೇ ಒಳಮೈಗೆಲ್ಲ ಸವರಿ. ಐದು ನಿಮಿಷ ಬಿಟ್ಟು ಒಣ ಟಿಶ್ಯೂವಿನಿಂದ ಒರೆಸಿ. ಜೇನುಮೇಣವಿದ್ದ ಜಾಡಿಗೆ ಇದನ್ನು ಎರಡು ಸಲ ಮಾಡಬೇಕಾಗಬಹುದು. ಅದು ಉಳಿದವುಗಳಿಗಿಂತ ಹೆಚ್ಚು ಜಿಗುಟು.

5. ಈಗ ತೊಳೆಯಿರಿ

ಕೈಗೆ ತಾಳುವಷ್ಟು ಬಿಸಿಯಾದ ನೀರು, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಸ್ಪಂಜು ಇಷ್ಟು ಸಾಕು. ಎರಡು ಬಾರಿ ತೊಳೆಯಿರಿ. ಮೊದಲನೆಯದು ಎಣ್ಣೆಯನ್ನು ಒಯ್ಯುತ್ತದೆ, ಎರಡನೆಯದು ಗಾಜನ್ನು ಶುಚಿಮಾಡುತ್ತದೆ. ಬಾಯಂಚಿನಲ್ಲಿ ಮಸಿಯ ಕಂದು ಕಲೆ ಉಳಿದಿದ್ದರೆ ಅಡುಗೆ ಸೋಡಾಕ್ಕೆ ಕೆಲವು ಹನಿ ನೀರು ಬೆರೆಸಿ, ಹಲ್ಲುಜ್ಜುವ ಪೇಸ್ಟಿನಷ್ಟು ಗಟ್ಟಿಯಾಗಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಸೋಡಾದ ಹರಳು ಮಸಿಯನ್ನು ಎಬ್ಬಿಸುವಷ್ಟು ಗಟ್ಟಿ, ಗಾಜಿಗೆ ಗೀರು ಹಾಕುವಷ್ಟು ಗಟ್ಟಿಯಲ್ಲ. ಉಕ್ಕಿನ ನಾರು ಮತ್ತು ಮರಳಿನಂಥ ಪುಡಿಗಳನ್ನು ಬಳಸಬೇಡಿ.

ಸೋಡಾಕ್ಕೆ ವಿನೆಗರ್ ಸೇರಿಸಿದರೆ ಇನ್ನೂ ಚೆನ್ನಾಗಿ ಶುಚಿಯಾಗುತ್ತದೆ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ನೊರೆ ಬರುವುದು ನಿಜ, ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಕಳೆದು, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪು ನೀರು. ವಿನೆಗರ್ ಮೇಣವನ್ನೂ ಕರಗಿಸುವುದಿಲ್ಲ. ಗಡಸು ನೀರಿನಿಂದ ಗಾಜಿನ ಮೇಲೆ ಸುಣ್ಣದಂಥ ಬಿಳಿ ಕಲೆ ಉಳಿದಿದ್ದರೆ ಮಾತ್ರ ಅದನ್ನು ಪ್ರತ್ಯೇಕವಾಗಿ ಬಳಸಿ.

ತೊಳೆದದ್ದು ಸಾಕಾಯಿತೇ ಎಂದು ತಿಳಿಯಲು ಒಂದು ನೆಚ್ಚಬಹುದಾದ ಪರೀಕ್ಷೆಯಿದೆ. ಜಾಡಿಯ ಒಳಗೆ ಶುದ್ಧ ನೀರು ತುಂಬಿ ಒಮ್ಮೆಗೇ ಚೆಲ್ಲಿ, ಬೆಳಕಿಗೆ ಹಿಡಿಯಿರಿ. ಗಾಜು ನಿಜವಾಗಿ ಶುಚಿಯಾಗಿದ್ದರೆ ನೀರು ಒಡೆಯದ ತೆಳು ಹಾಳೆಯಂತೆ ಗೋಡೆಯ ಮೇಲೆ ಜಾರುತ್ತದೆ. ಎಲ್ಲಾದರೂ ಮೇಣ ಉಳಿದಿದ್ದರೆ ಅಲ್ಲಿ ಮಾತ್ರ ಆ ಹಾಳೆ ಹರಿದು, ಕೆಸುವಿನ ಎಲೆಯ ಮೇಲೆ ನಿಂತಂತೆ ನೀರು ದುಂಡು ಹನಿಗಳಾಗಿ ನಿಲ್ಲುತ್ತದೆ. ಹನಿ ನಿಂತ ಜಾಗವನ್ನು ಒಣಗಿಸಿ, ಅಲ್ಲಿಗಷ್ಟೇ ಮತ್ತೆ ಎಣ್ಣೆ ಸವರಿ, ಒರೆಸಿ, ತೊಳೆಯಿರಿ. ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಹನಿಗಳು ಹೆಚ್ಚಾಗಿ ಕಾಣುತ್ತವೆ; ಟಿಶ್ಯೂ ಸುತ್ತಿದ ಮರದ ಕಡ್ಡಿ ಅಲ್ಲಿಗೆ ತಲುಪುತ್ತದೆ.

6. ಚೀಟಿ ಮತ್ತು ಅದರ ಅಂಟು

ಬಿಸಿನೀರಿನ ಪಾತ್ರೆಯಲ್ಲಿಟ್ಟ ಜಾಡಿಯ ಕಾಗದದ ಚೀಟಿ ಅಷ್ಟರಲ್ಲಿ ತಾನಾಗಿ ಬಿಟ್ಟುಕೊಂಡಿರುತ್ತದೆ. ಪ್ಲಾಸ್ಟಿಕ್ ಪದರದ ಚೀಟಿಗೆ ನೀರು ಒಳಹೊಗುವುದಿಲ್ಲ. ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಒಂದು ನಿಮಿಷ ಹಿಡಿದು, ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಗಾಜಿಗೆ ಒತ್ತಿಕೊಂಡಂತೆ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ನೆಟ್ಟಗೆ ಮೇಲಕ್ಕೆ ಎಳೆದರೆ ಅಂಟು ಗಾಜಿನಲ್ಲೇ ಉಳಿಯುತ್ತದೆ. ತಳದಲ್ಲಿರುವ ಎಚ್ಚರಿಕೆಯ ಚೀಟಿಯನ್ನು ಮರೆಯಬೇಡಿ.

ಉಳಿದ ಅಂಟಿನ ಮೇಲೆ ಎಣ್ಣೆ ಮತ್ತು ಅಡುಗೆ ಸೋಡಾವನ್ನು ಸಮಪಾಲಿನಲ್ಲಿ ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಬೆರಳಿನಿಂದಲೇ ಉಜ್ಜಿದರೆ ಅಂಟು ಸಣ್ಣ ಎಳೆಗಳಾಗಿ ಸುರುಳಿಗೊಂಡು ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಇದು ಬೆಂಕಿಗೆ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆ ಉರಿಯುತ್ತಿರುವಾಗ ಬಾಟಲಿಯ ಮುಚ್ಚಳವನ್ನೂ ತೆರೆಯಬಾರದು. ಜಾಡಿಯ ಮೇಲೆ ಚಿತ್ರವೋ ಅಕ್ಷರವೋ ನೇರವಾಗಿ ಮುದ್ರಿತವಾಗಿದ್ದು ಅದನ್ನು ಉಳಿಸಿಕೊಳ್ಳುವ ಇಚ್ಛೆಯಿದ್ದರೆ ಉಗುರು ಬಣ್ಣ ತೆಗೆಯುವ ಅಸಿಟೋನ್ ದ್ರವವನ್ನು ಹತ್ತಿರಕ್ಕೂ ತರಬೇಡಿ.

7. ವಾಸನೆ

ಜಾಡಿ ಕನ್ನಡಿಯಂತೆ ಹೊಳೆಯುತ್ತಿದ್ದರೂ ವಾಸನೆ ಹೋಗಿಲ್ಲವೆಂದು ಹೇಳುವವರು ಹೆಚ್ಚಿನ ಸಲ ತಪ್ಪು ಜಾಗವನ್ನು ತೊಳೆಯುತ್ತಿರುತ್ತಾರೆ. ಗಾಜು ವಾಸನೆಯನ್ನು ಹೀರುವುದಿಲ್ಲ. ಹೀರುವುದು ಮುಚ್ಚಳದೊಳಗಿನ ರಬ್ಬರ್ ಅಥವಾ ಸಿಲಿಕೋನ್ ಪಟ್ಟಿ. ಆ ಪಟ್ಟಿಯನ್ನು ಬಿಡಿಸಿ, ಸೋಪಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು, ಎರಡು ಮೂರು ದಿನ ಗಾಳಿ ಆಡುವಲ್ಲಿ ಹರಡಿಡಿ. ಜಾಡಿಯೊಳಗೆ ಎರಡು ಚಮಚ ಒಣ ಅಡುಗೆ ಸೋಡಾ ಹಾಕಿ, ಮುಚ್ಚದೆ ಒಂದು ರಾತ್ರಿ ಇಡಿ. ಇಷ್ಟಾದರೂ ಪಟ್ಟಿಯ ವಾಸನೆ ಉಳಿದರೆ ಮುಚ್ಚಳವನ್ನು ಬಿಟ್ಟು ಜಾಡಿಯನ್ನಷ್ಟೇ ಬಳಸಿ. ಪಟ್ಟಿಯೊಂದಿಗೆ ಇನ್ನೂ ಗುದ್ದಾಡುವುದು ವ್ಯರ್ಥ.

8. ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಾರದು

ಇಷ್ಟು ಶುಚಿಯಾದ ಜಾಡಿಯಲ್ಲಿ ತಿನ್ನುವ ಕುಡಿಯುವ ಪದಾರ್ಥ ಇಡಬಹುದೇ ಎಂಬುದು ತಪ್ಪದೆ ಬರುವ ಪ್ರಶ್ನೆ. ಬೇಡ ಎಂಬುದೇ ನನ್ನ ಖಚಿತವಾದ ಉತ್ತರ. ಈ ಜಾಡಿಗಳನ್ನು ಆಹಾರಕ್ಕೆಂದು ತಯಾರಿಸಿರುವುದಿಲ್ಲ, ಆ ದೃಷ್ಟಿಯಿಂದ ಪರೀಕ್ಷಿಸಿರುವುದೂ ಇಲ್ಲ. ಗಾಜಿಗೆ ಬಳಿದ ಬಣ್ಣ, ಒಳಗಿನ ಹೊಳಪಿನ ಲೇಪ, ಲೋಹದ ಬಿಲ್ಲೆ, ಸುಗಂಧ ತೈಲ ಯಾವುದೂ ಹೊಟ್ಟೆಗೆ ಹೋಗಲೆಂದು ಆರಿಸಿದ್ದಲ್ಲ. ಹಳೆಯ ಮೇಣದಬತ್ತಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬತ್ತಿ ನೆಟ್ಟಗೆ ನಿಲ್ಲಲೆಂದು ಒಳಗೆ ಸೀಸದ ತಂತಿ ಸೇರಿಸುವ ರೂಢಿ ಹಿಂದೆ ಇತ್ತು. ಅಂಥ ಬತ್ತಿಗಳನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ನಿಷೇಧಿಸಿದ್ದು 2003ರಲ್ಲಿ.

ಪೆನ್ಸಿಲ್, ಕುಂಚ, ಹತ್ತಿ, ಗುಂಡಿ, ದಾರದ ಉಂಡೆ, ಮೊಳೆಗಳಂಥ ಒಣ ವಸ್ತುಗಳಿಗೆ ಯಾವ ಅಡ್ಡಿಯೂ ಇಲ್ಲ. ಗಿಡದ ಕಡ್ಡಿಯನ್ನು ನೀರಿನಲ್ಲಿಟ್ಟು ಬೇರು ಬರಿಸಲು ಈ ಜಾಡಿಗಳು ಬಹಳ ಚೆನ್ನ, ಬೇರು ಬೆಳೆಯುವುದು ಹೊರಗಿನಿಂದಲೇ ಕಾಣುತ್ತದೆ. ನೇರವಾಗಿ ಮಣ್ಣು ತುಂಬಿ ಗಿಡ ನೆಡಬೇಡಿ; ತಳದಲ್ಲಿ ತೂತಿಲ್ಲದೆ ನೀರು ನಿಂತು ಬೇರು ಕೊಳೆಯುತ್ತದೆ, ತಳಕ್ಕೆ ಬೆಣಚುಕಲ್ಲು ಹಾಕಿದರೂ ಈ ತೊಂದರೆ ತಪ್ಪುವುದಿಲ್ಲ. ತೂತಿರುವ ಸಣ್ಣ ಕುಂಡವನ್ನು ಇದರೊಳಗೆ ಇಳಿಸಿಡುವುದು ಸರಿಯಾದ ದಾರಿ.

ಮತ್ತೆ ಮೇಣದಬತ್ತಿಯನ್ನೇ ಮಾಡುವುದಾದರೆ ಜಾಡಿ ಒಳಗೆ ಪೂರ್ತಿ ಒಣಗಿರಬೇಕು. ಒರೆಸಿದರೆ ಸಾಲದು, ಒಂದು ದಿನ ಬಾಯಿ ಮೇಲಾಗಿ ತೆರೆದಿಡಿ. ಒಂದೇ ಹನಿ ನೀರು ಉಳಿದರೂ ಉರಿಯುವಾಗ ಬತ್ತಿ ಚಟಪಟ ಸಿಡಿಯುತ್ತದೆ. ಕೂಡಿಟ್ಟ ಹಳೆಯ ಮೇಣವನ್ನು ಮತ್ತೆ ಕರಗಿಸಿ ಬಳಸಬಹುದು, ಆದರೆ ಬಟ್ಟೆಯಲ್ಲಿ ಸೋಸಿ ಸುಟ್ಟ ಬತ್ತಿಯ ಚೂರುಗಳನ್ನೂ ಕಡ್ಡಿಯ ತುಂಡುಗಳನ್ನೂ ತೆಗೆದುಬಿಡಿ. ಅವು ಮೇಣದಲ್ಲಿ ತೇಲುತ್ತಾ ತಾವೇ ಬತ್ತಿಗಳಾಗಿ ಹೊತ್ತಿಕೊಳ್ಳುತ್ತವೆ. ಮೂಲತಃ ಮೇಣದಬತ್ತಿಗೆಂದು ಮಾಡಿದ ಜಾಡಿಯನ್ನು ಮಾತ್ರ ಇದಕ್ಕೆ ಬಳಸಿ, ಕುಡಿಯುವ ಲೋಟ ಅಥವಾ ತೆಳು ಗಾಜಿನ ಅಲಂಕಾರದ ಪಾತ್ರೆ ಜ್ವಾಲೆಯ ಬಿಸಿ ತಾಳಲಾರದು. ಪ್ರತಿ ಸಲ ತುಂಬುವ ಮೊದಲು ಒಂದನೆಯ ಹಂತದ ಪರೀಕ್ಷೆಯನ್ನು ಮತ್ತೆ ಮಾಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ, ಬೆಳಕಿನಲ್ಲಿ ಗೆರೆ ಮಿನುಗಿದರೆ, ಆ ಜಾಡಿಗೆ ಇನ್ನು ಬೆಂಕಿ ತೋರಿಸಬಾರದು. ಅದು ಪೆನ್ಸಿಲ್ಲಿಗೂ ಬಾರದಷ್ಟು ಸೀಳಿದ್ದರೆ ದಪ್ಪ ಕಾಗದದಲ್ಲಿ ಸುತ್ತಿ, ಒಡೆದ ಗಾಜು ಎಂದು ಮೇಲೆ ಬರೆದು ಕಸಕ್ಕೆ ಕೊಡಿ, ಅದನ್ನು ಎತ್ತುವವರ ಕೈಗೆ ಗಾಯವಾಗದಿರಲಿ.